ಒಂಟೆಯ ಉದ್ದ ಗೋಡೆ

ಮೊದಲೇ ಹೇಳಿಬಿಡುತ್ತೇನೆ, ಆ ಕಟ್ಟಡವನ್ನು ಕೆಡವಿಸಿದವನು ನಾನು. ಆದೇಶಕ್ಕೆ ಸಹಿ ಹಾಕಿದ್ದು ಬೇರೆಯವರು, ಯಂತ್ರ ಓಡಿಸಿದ್ದು ಇನ್ನೊಬ್ಬರು. ಊರಿನವರು ಅವರಿಬ್ಬರನ್ನೂ ಬಾಯಿಗೆ ಬಂದಂತೆ ಬೈಯುತ್ತಾರೆ. ಬೈಯಲಿ. ಆ ಬೈಗುಳಕ್ಕೆ ದನಿಗೂಡಿಸುವ ಯೋಗ್ಯತೆ ನನಗಿಲ್ಲ.

ಅದು ಬಸ್ಸು ಕಾಯುವವರಿಗೆಂದು ಕಟ್ಟಿದ ಹಜಾರ. ಎಲ್ಲರ ಬಾಯಲ್ಲೂ ಅದು ‘ಒಂಟೆ’. ಚಾವಣಿಯ ಮೇಲೆ ಸಾಲಾಗಿ ಏಳು ಇಟ್ಟಿಗೆಯ ಡುಬ್ಬಗಳಿದ್ದವು, ಅದಕ್ಕೆ ಆ ಹೆಸರು. ಒಂಟೆಗೆ ಏಳು ಡುಬ್ಬ ಎಲ್ಲಿಂದ ಬಂತು ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಒಂಟೆ ಹತ್ತಿರ ಸಿಗು, ಒಂಟೆ ದಾಟಿ ಎಡಕ್ಕೆ ತಿರುಗು, ಇಷ್ಟೇ ಅವರ ಲೆಕ್ಕ. ಪರ ಊರಿನಿಂದ ಬಂದವರು ಮಾತ್ರ ನಿಂತು ಬಾಯಿ ತೆರೆದು ನೋಡುತ್ತಿದ್ದರು. ಒಳಗೆ ಒಂದೇ ಒಂದು ಕಂಬ ಇಲ್ಲ. ಡುಬ್ಬಕ್ಕೂ ಡುಬ್ಬಕ್ಕೂ ನಡುವೆ ಅಂಗೈ ಅಗಲದ ಗಾಜಿನ ಪಟ್ಟಿ, ಅದರಿಂದ ಇಳಿದ ಬೆಳಕು ನೆಲದ ಮೇಲೆ ಬೆಳಗಿನಿಂದ ಸಂಜೆಯವರೆಗೆ ಮೆಲ್ಲಗೆ ಸರಿಯುತ್ತಿತ್ತು. ಬಸ್ಸು ಬರುವ ದಿಕ್ಕಿನ ಗೋಡೆಯಲ್ಲಿ ಗುಂಡು ಕಿಟಕಿಗಳು, ಒಂದರ ಎತ್ತರ ಇನ್ನೊಂದಕ್ಕಿಲ್ಲ: ನಿಂತವರಿಗೊಂದು, ಕೂತವರಿಗೊಂದು, ಮೊಳಕಾಲೆತ್ತರದಲ್ಲಿ ಪುಟ್ಟ ಮಕ್ಕಳಿಗೊಂದು. ಅದರ ಎದುರಿಗೆ ಉದ್ದ ಗೋಡೆ. ಅದಕ್ಕೆ ಅಂಟಿಕೊಂಡು ಈ ತುದಿಯಿಂದ ಆ ತುದಿಗೆ ಕಲ್ಲಿನ ಜಗಲಿ.

ಕಟ್ಟಿದವರು ನನ್ನ ಮಾವ, ನನ್ನ ಹೆಂಡತಿಯ ಅಪ್ಪ. ಗಾರೆ ಕೆಲಸದ ಮೇಸ್ತ್ರಿ. ಜೀವನವಿಡೀ ಬೇರೆಯವರ ನಕ್ಷೆ ನೋಡಿ ಬೇರೆಯವರ ಗೋಡೆ ಎತ್ತಿದವರು. ಇದೊಂದು ಸಲ ನಕ್ಷೆ ಮಾಡಬೇಕಾದವನು ಕೈಕೊಟ್ಟು ಹೋದ, ಆಗಿನ ಅಧಿಕಾರಿ ಬೇಸತ್ತು, ನಿಮಗೆ ತೋಚಿದ್ದನ್ನು ಕಟ್ಟಿ ಮುಗಿಸಿ ಎಂದುಬಿಟ್ಟ. ಅವರು ದಾರ, ಗೂಟ, ಒಂದು ತುಂಡು ಇದ್ದಿಲು ಹಿಡಿದು ನೆಲದ ಮೇಲೇ ಗೀಚಿಕೊಂಡು ಕಟ್ಟಿದರು. ಮುಗಿದ ಮೇಲೆ ಕಡತಕ್ಕೊಂದು ನಕ್ಷೆ ಬೇಕಲ್ಲ, ಅಳೆದು ಬರೆದುಕೊಂಡು ಬಾ ಎಂದು ನನ್ನನ್ನು ಕಳಿಸಿದರು. ನನಗೆ ಆಗ ಇಪ್ಪತ್ತಮೂರು. ಡಿಪ್ಲೊಮಾದ ಶಾಯಿ ಇನ್ನೂ ಆರಿರಲಿಲ್ಲ, ಗತ್ತು ಮಾತ್ರ ಮುಖ್ಯ ಎಂಜಿನಿಯರನದು.

ಎರಡು ದಿನ ಅಳೆದೆ. ಉದ್ದ ಗೋಡೆಗೆ ತೂಗುಗುಂಡು ಇಳಿಬಿಟ್ಟಾಗ ಗೊತ್ತಾಯಿತು, ಗೋಡೆ ನೆಟ್ಟಗಿಲ್ಲ. ಬುಡದಿಂದ ತುದಿಗೆ ಹೋಗುವಷ್ಟರಲ್ಲಿ ಐದು ಇಂಚು ಹೊರಕ್ಕೆ ವಾಲಿದೆ. ಪಾಪ, ಓದದ ಮನುಷ್ಯ, ಅಷ್ಟೆಲ್ಲಾ ಚೆನ್ನಾಗಿ ಕಟ್ಟಿ ಇಲ್ಲಿ ಕೈ ಜಾರಿದ್ದಾನೆ ಎಂದುಕೊಂಡೆ. ಮಧ್ಯಾಹ್ನ ಅವರಿಗೆ ಊಟದ ಡಬ್ಬಿ ತರುತ್ತಿದ್ದ ಮಗಳ ಮೇಲೆ ಅಷ್ಟರಲ್ಲೇ ನನ್ನ ಕಣ್ಣು ಬಿದ್ದಿತ್ತು ಎನ್ನುವುದನ್ನೂ ಮುಚ್ಚಿಡುವುದಿಲ್ಲ. ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇತ್ತು, ನಾವು ಅದನ್ನು ‘ತೊಳೆಯುವುದು’ ಎನ್ನುತ್ತಿದ್ದೆವು. ಕಟ್ಟಿದವನ ಸಣ್ಣಪುಟ್ಟ ಸೊಟ್ಟಗಳನ್ನು ಕಾಗದದ ಮೇಲೆ ನೆಟ್ಟಗೆ ಮಾಡಿಬಿಡುವುದು. ಯಾರ ಮಾನವೂ ಹೋಗಬಾರದು, ನಕ್ಷೆಯೂ ನೋಡಲು ಚೆಂದ. ನಾನೂ ತೊಳೆದೆ. ಮೂಲೆಮಟ್ಟ ಇಟ್ಟು ಉದ್ದ ಗೋಡೆಯನ್ನು ದಾರ ಹಿಡಿದ ಹಾಗೆ ನೆಟ್ಟಗೆ ಎಳೆದು, ಕೆಳಗೆ ‘ಸ್ಥಳದಲ್ಲಿ ಅಳೆದಂತೆ’ ಎಂದು ಬರೆದು ಸಹಿ ಹಾಕಿದೆ. ದೊಡ್ಡ ಉಪಕಾರ ಮಾಡಿದವನ ಹಾಗೆ ಎದೆಯುಬ್ಬಿಸಿ ಮನೆಗೆ ಹೋದೆ.

ಮರುವರ್ಷ ಮದುವೆಯಾಯಿತು. ಗೋಡೆಯ ಮಾತು ಮಾವನ ಹತ್ತಿರ ಎತ್ತಲೇ ಇಲ್ಲ, ಹೆಂಡತಿಯ ಹತ್ತಿರವೂ ಇಲ್ಲ. ಯಾರಾದರೂ ಒಂಟೆಯನ್ನು ಹೊಗಳಿದರೆ ಎಲ್ಲರಿಗಿಂತ ಮೊದಲು ತಲೆದೂಗುತ್ತಿದ್ದವನು ನಾನೇ. ಒಳಗೊಳಗೇ ಮಾತ್ರ, ಆ ಗೋಡೆ ಒಂದು ಸೊಟ್ಟ ಆಗದಿದ್ದರೆ ಎಂದುಕೊಳ್ಳುತ್ತಿದ್ದೆ.

ಹೀಗೆ ಮೂವತ್ತಾರು ವರ್ಷ ಕಳೆಯಿತು. ನಾನು ನಿವೃತ್ತನಾದೆ. ಮಾವ ನಮ್ಮ ಜೊತೆಗೇ ಇದ್ದಾರೆ, ಎಂಬತ್ತು ದಾಟಿದೆ, ಮೊಣಕಾಲು ಸೋತು ಎರಡು ವರ್ಷದಿಂದ ಬೀದಿಗೆ ಇಳಿದಿಲ್ಲ. ಹೋದ ವರ್ಷ ಹಳೆಯ ಕಟ್ಟಡಗಳ ತಪಾಸಣೆ ಎಂದು ಒಬ್ಬ ಎಂಜಿನಿಯರಮ್ಮ ಬಂದಳು. ಮೂರು ಕಾಲಿನ ಉಪಕರಣ ನಿಲ್ಲಿಸಿ ಒಂಟೆಯನ್ನು ಅಳೆದಳು. ವಾರದೊಳಗೆ ಒಂಟೆಯ ಬಾಗಿಲಿಗೆ ನೋಟಿಸು ಅಂಟಿತು. ಮೂಲ ನಕ್ಷೆಯಲ್ಲಿ ನೆಟ್ಟಗಿದ್ದ ಉದ್ದ ಗೋಡೆ ಚಾವಣಿಯ ಒತ್ತಡಕ್ಕೆ ಐದು ಇಂಚು ಹೊರಕ್ಕೆ ಸರಿದಿದೆ, ಕಟ್ಟಡ ಅಪಾಯದಲ್ಲಿದೆ, ಕೆಡವತಕ್ಕದ್ದು.

ಓದಿದವನೇ ಒಳಗೆ ಹೋಗಿ ಜಗಲಿಯ ಮೇಲೆ ಕೂತೆ. ನಂಬುತ್ತೀರೋ ಬಿಡುತ್ತೀರೋ, ನಾನು ಅಲ್ಲಿ ಕೂತದ್ದು ಅದೇ ಮೊದಲು. ಮೊದಲು ಸೈಕಲ್, ಆಮೇಲೆ ಸ್ಕೂಟರ್, ಊರೊಳಗಿನ ಬಸ್ಸು ನಾನು ಹತ್ತಿದವನೇ ಅಲ್ಲ. ಬೆನ್ನು ತಾನಾಗಿ ಹಿಂದಕ್ಕೆ ಹೋಯಿತು, ಗೋಡೆ ಅದನ್ನು ಹಿಡಿದುಕೊಂಡಿತು. ಸೊಂಟ, ಬೆನ್ನು, ಭುಜ, ತಲೆ, ಎಲ್ಲೂ ಒತ್ತದೆ ಎಲ್ಲೂ ಬಿಡದೆ. ಪಕ್ಕದಲ್ಲಿ ಒಬ್ಬ ಮುದುಕಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ಆಚೆ ಒಬ್ಬ ಕೆಲಸ ಬಿಟ್ಟು ಬಂದ ಗಂಡಸು ಕಣ್ಣು ಮುಚ್ಚಿದ್ದ. ಗೋಡೆಯುದ್ದಕ್ಕೂ ತಲೆಯೆಣ್ಣೆಯ ಕಲೆಗಳು, ದೊಡ್ಡವರದು ಮೇಲೆ, ಕುಳ್ಳರದು ಕೆಳಗೆ, ಗಾರೆಯೊಳಕ್ಕೆ ಇಳಿದು ಕಪ್ಪಾಗಿದ್ದವು. ಮಾವನ ಕೈ ಜಾರಿರಲಿಲ್ಲ. ದಣಿದವರ ಬೆನ್ನಿಗೆ ಎಷ್ಟು ಓರೆ ಬೇಕೋ ಅಷ್ಟು ಓರೆ ಲೆಕ್ಕ ಹಾಕಿ ಕಟ್ಟಿದ್ದರು. ಊರಿಗೆ ಊರೇ ಅದನ್ನು ಬೆನ್ನಿನಲ್ಲಿ ತಿಳಿದುಕೊಂಡಿತ್ತು, ಅಳೆದವನಿಗೊಬ್ಬನಿಗೆ ಗೊತ್ತಿರಲಿಲ್ಲ. ನನಗೆ ಅಳು ಬಂತು, ಅಲ್ಲೇ ಅತ್ತೆ.

ಮರುದಿನ ಬೆಳಿಗ್ಗೆ ಕಚೇರಿ ತೆರೆಯುವ ಮೊದಲೇ ಹೋಗಿ ಎಂಜಿನಿಯರಮ್ಮನಿಗಾಗಿ ಕಾದು ನಿಂತೆ. ಓರೆ ಗೋಡೆಯನ್ನು ನಕ್ಷೆಯಲ್ಲಿ ನೆಟ್ಟಗೆ ಮಾಡಿದ್ದು ನಾನೇ ಎಂದು ಹೇಳಿದೆ. ಆಕೆ ತಾಳ್ಮೆಯಿಂದ ಕೇಳಿ, ಕಡತದಿಂದ ನನ್ನ ನಕ್ಷೆ ತೆಗೆದು ಮೇಜಿನ ಮೇಲೆ ಬಿಡಿಸಿದಳು. ಸಹಿ ನಿಮ್ಮದೇ ತಾನೇ ಎಂದಳು, ಹೌದೆಂದೆ. ಕೆಳಗೆ ಬರೆದದ್ದನ್ನು ಓದಿ ಎಂದಳು, ಓದಿದೆ. ನನ್ನ ಅಕ್ಷರ ಆಗ ಬಹಳ ಚೆನ್ನಾಗಿತ್ತು.

“ಕಟ್ಟಿದವರು ನಿಮಗೆ ಏನಾಗ್ಬೇಕು?” ಎಂದಳು.

“ಮಾವ. ನಕ್ಷೆ ಬರೆದ ಮರುವರ್ಷ ಅವರ ಮಗಳನ್ನ ಮದುವೆಯಾದೆ.”

ಆಕೆ ಪೆನ್ನು ಕೆಳಗಿಟ್ಟಳು. “ನೋಡಿ, ಇದನ್ನ ಬರೆದಾಗ ನೀವು ಅವರಿಗೆ ಯಾರೂ ಅಲ್ಲ. ಇವತ್ತು ಅಳಿಯ. ನಾನು ಯಾವ ಮಾತು ನಂಬ್ಲಿ, ನೀವೇ ಹೇಳಿ.”

ನಾನು ಆ ಕುರ್ಚಿಯಲ್ಲಿದ್ದರೂ ಅದನ್ನೇ ಕೇಳುತ್ತಿದ್ದೆ. ಕೆಟ್ಟವಳಲ್ಲ ಆಕೆ. ಅಂಥ ಕಟ್ಟಡ ತಾನು ಇನ್ನೆಲ್ಲೂ ನೋಡಿಲ್ಲ, ತಪಾಸಣೆಯ ದಿನ ಒಂದು ಗಂಟೆ ಮೊದಲೇ ಬಂದು ಸುಮ್ಮನೆ ಸುತ್ತು ಹಾಕಿದೆ ಎಂದಳು. ಆದರೆ ನಲವತ್ತು ಜನ ಕೂತಿರುವಾಗ ಗೋಡೆ ಬಿದ್ದರೆ ತನ್ನ ಮೆಚ್ಚುಗೆ ಯಾರಿಗೆ ಬೇಕು ಎಂದೂ ಹೇಳಿದಳು. ಗೋಡೆಯ ಹೊರಮೈಗೆ ಹೊಸ ಗಾರೆ ಬಳಿದಿರುವುದರಿಂದ ಬಿರುಕು ಇತ್ತೋ ಇಲ್ಲವೋ ಹೇಳಲಾಗದಂತೆ. ಕೊನೆಗೆ ಹದಿನೈದು ದಿನ ಕೊಟ್ಟಳು. ಗೋಡೆ ಕಟ್ಟುವಾಗಲೇ ಓರೆಯಾಗಿತ್ತು ಎನ್ನುವುದಕ್ಕೆ ಒಂದು ಗುರುತು ತಂದರೆ ಸಾಕು, ಆದೇಶ ನಿಲ್ಲಿಸುತ್ತೇನೆ ಎಂದಳು. ಮಾವ ಇನ್ನೂ ಬದುಕಿದ್ದಾರೆ ಎನ್ನುವುದನ್ನು ಆಕೆ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಹದಿನೈದು ದಿನ ನಾನು ಅಲೆಯದ ಜಾಗವಿಲ್ಲ. ಜೊತೆಗೆ ಕೆಲಸ ಮಾಡಿದ್ದ ಇಬ್ಬರೂ ತೀರಿಕೊಂಡಿದ್ದರು. ಇಟ್ಟಿಗೆ ಗೂಡು ಇದ್ದಲ್ಲಿ ಟೈರಿನ ಅಂಗಡಿ ಬಂದಿತ್ತು. ಉದ್ಘಾಟನೆಯ ಒಂದು ಫೋಟೋ ಸಿಕ್ಕಿತು, ಕುಣಿದಾಡುವಷ್ಟು ಸಂತೋಷವಾಯಿತು. ನೋಡಿದರೆ ಆ ಪುಣ್ಯಾತ್ಮ ಕ್ಯಾಮೆರಾವನ್ನೇ ಸೊಟ್ಟಗೆ ಹಿಡಿದಿದ್ದ. ಗೋಡೆಯ ಜೊತೆಗೆ ದೀಪದ ಕಂಬವೂ ಭಾಷಣ ಮಾಡುವವರೂ ವಾಲಿದ್ದರು.

ಎಲ್ಲರನ್ನೂ ಕೇಳಿದೆ, ಮಾವನನ್ನು ಬಿಟ್ಟು. ಮನೆಯಲ್ಲಿ ಹೊಸ ಬಸ್ ನಿಲ್ದಾಣ ಬರುತ್ತದೆ, ಅದಕ್ಕೇ ಒಂಟೆ ಹೋಗುತ್ತದೆ ಎಂದು ಸುಳ್ಳು ಹೇಳಿದ್ದೆ. ವಯಸ್ಸಾದವರು, ಗೋಡೆ ವಾಲಿದೆ ಎಂದರೆ ತಡೆದುಕೊಳ್ಳುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದೂ ಸುಳ್ಳೇ. ಯಾವ ಕಡೆಯಿಂದ ಮಾತು ಶುರು ಮಾಡಿದರೂ ಅದು ನನ್ನ ನಕ್ಷೆಯ ಹತ್ತಿರವೇ ಬಂದು ನಿಲ್ಲುತ್ತಿತ್ತು. ಮೂರು ಸಲ ಅವರ ಕೋಣೆಯ ಬಾಗಿಲಿಗೆ ಹೋದೆ. ಒಂದು ಸಲ ಕಾಲು ನೋವು ಹೇಗಿದೆ ಎಂದು ಕೇಳಿ ಬಂದೆ, ಒಂದು ಸಲ ಕಿಟಕಿ ಹಾಕಲೇ ಎಂದೆ, ಮೂರನೆಯ ಸಲ ಏನೂ ಹೇಳದೆ ತಿರುಗಿದೆ. ಹೆಂಡತಿ ಬೇರೆ ದಿನಕ್ಕೊಮ್ಮೆ ಚುಚ್ಚುತ್ತಿದ್ದಳು, ನಿಮ್ಮ ನಕ್ಷೆ ಇದೆಯಲ್ಲ, ಅದನ್ನಾದರೂ ಕಚೇರಿಯಲ್ಲಿ ತೋರಿಸಿ ಒಂಟೆಯನ್ನು ಉಳಿಸಬಾರದೇ ಎಂದು. ನನ್ನ ನಕ್ಷೆಯ ಮೇಲೆ ಅವಳಿಗೆ ಅಷ್ಟು ಹೆಮ್ಮೆ. ಅವಳ ಮೇಲೆ ರೇಗಿದೆ, ಸುಮ್ಮಸುಮ್ಮನೆ. ಮಾವ ಮಾತ್ರ, ಹೊಸದು ಬೇಕಾದರೆ ಹಳೆಯದು ಜಾಗ ಬಿಡಲೇಬೇಕಲ್ಲ ಎಂದಷ್ಟೇ ಹೇಳಿ ಮಗ್ಗುಲಾದರು.

ಹದಿನಾರನೆಯ ದಿನ ಬೆಳಿಗ್ಗೆ ಯಂತ್ರ ಬಂತು. ನಾನು ಹೋಗಿ ನಿಂತೆ. ಡುಬ್ಬಗಳು ಸುಲಭಕ್ಕೆ ಬೀಳಲಿಲ್ಲ. ಯಂತ್ರದವನು ಬೆವರು ಒರೆಸಿಕೊಳ್ಳುತ್ತಾ, ಇದು ಬೀಳುವ ಕಟ್ಟಡ ಎಂದು ಹೇಳಿದ ಮಹಾನುಭಾವ ಯಾರು ಎಂದು ಗೊಣಗಿದ. ಒಂದೊಂದೇ ಡುಬ್ಬ ಒಡೆದು, ಗಾಜಿನ ಪಟ್ಟಿಗಳು ಪುಡಿಯಾಗಿ, ನೆಲದ ಮೇಲಿನ ಬೆಳಕಿನ ಗೆರೆಗಳೆಲ್ಲ ಹೋಗಿ ಬರೀ ಬಿಸಿಲು ಉಳಿಯಿತು. ಉದ್ದ ಗೋಡೆ ಕೊನೆಗೆ. ಅದು ಮಧ್ಯಾಹ್ನದ ಹೊತ್ತಿಗೆ ಬಿತ್ತು, ಬುಡ ಮಾತ್ರ ಜಗಲಿಯ ಹಿಂದೆ ನಿಂತೇ ಇತ್ತು.

ಜಗಲಿಯ ಕಲ್ಲು ಎತ್ತಿಸಿದಾಗ ಕಂಡಿತು. ಅಡಿಪಾಯದ ಕಲ್ಲಿನ ಮೇಲೆ ಮೊದಲ ವರಸೆಯ ಇಟ್ಟಿಗೆಗಳೆಲ್ಲ ಬೆಣೆಯ ಹಾಗೆ ಕೊಯ್ದವು. ಒಂದು ಕಡೆ ದಪ್ಪ, ಒಂದು ಕಡೆ ತೆಳು. ಈ ತುದಿಯಿಂದ ಆ ತುದಿಗೆ ಎಲ್ಲವೂ ಒಂದೇ ಓರೆ. ಅಲ್ಲಿಂದಲೇ ಗೋಡೆ ಒರಗಿಕೊಂಡು ಎದ್ದಿತ್ತು. ಎಂಜಿನಿಯರಮ್ಮ ದೂಳಿನಲ್ಲೇ ಮೊಣಕಾಲೂರಿ ಅಡಿಪಾಯದ ಕಲ್ಲಿನ ಮೇಲೆ ರಸಮಟ್ಟ ಇಟ್ಟಳು. ಗುಳ್ಳೆ ಸರಿಯಾಗಿ ನಡುವೆ ನಿಂತಿತು. ಕಲ್ಲು ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಮೂರು ಜಾಗದಲ್ಲಿ ಇಟ್ಟು ನೋಡಿದಳು, ಮೂರರಲ್ಲೂ ಅಷ್ಟೇ. ಎದ್ದಾಗ ಆಕೆಯ ಮುಖ ಸುಣ್ಣದ ಹಾಗಿತ್ತು.

“ಹೀಗೆ ಕಟ್ಟಿದ್ದು ಗೊತ್ತಿದ್ದವರು ಒಬ್ಬರೂ ಉಳಿದಿರ್ಲಿಲ್ವಾ?” ಎಂದಳು.

“ಒಬ್ಬರು ಇದ್ರು.”

“ಅವರನ್ನ ನೀವು ಕೇಳ್ಲಿಲ್ವಾ?”

ಆಕೆ ಉತ್ತರಕ್ಕೆ ಕಾಯದೆ ತನ್ನ ಉಪಕರಣ ಎತ್ತಿಕೊಂಡು ಹೊರಟಳು.

ಬೆಣೆಯ ಇಟ್ಟಿಗೆ ಒಂದನ್ನು ಎತ್ತಿಕೊಂಡು ಮನೆಗೆ ಬಂದೆ. ಮಾವ ಮಂಚದ ಮೇಲೆ ಕೂತಿದ್ದರು. ಅದನ್ನು ಅವರ ಮಡಿಲಲ್ಲಿಟ್ಟೆ. ಹೆಬ್ಬೆರಳಿನಿಂದ ಓರೆ ಮೈಯನ್ನು ಒಮ್ಮೆ ಸವರಿದ್ದೇ ಗುರುತು ಹಿಡಿದರು, ಮುಖ ಅರಳಿತು. ಒಂದೊಂದನ್ನೂ ಗರಗಸದಲ್ಲಿ ಕೊಯ್ದು ಕಲ್ಲಿನ ಮೇಲೆ ಉಜ್ಜಿದ್ದು, ಬೆಂಚಿಗೆ ಹಲಗೆ ಆನಿಸಿ ಜೊತೆಯ ಕೆಲಸದವರಿಬ್ಬರನ್ನೂ ಕೂರಿಸಿ ನೋಡಿ ಓರೆ ಗೊತ್ತು ಮಾಡಿದ್ದು, ಎಲ್ಲ ಹೇಳುತ್ತಾ ಹೋದರು. ಅಷ್ಟು ಮಾತಾಡಿ ಅವರಿಗೆ ವರ್ಷಗಳಾಗಿದ್ದವು. ಆಮೇಲೆ, ಇದು ನಿಮಗೆ ಹೇಗೆ ಸಿಕ್ಕಿತು, ಕೆಡವುವವರು ಬುಡದವರೆಗೆ ಬಗೆದು ಯಾಕೆ ನೋಡಿದರು ಎಂದರು.

ಹೇಳಿದೆ. ತೂಗುಗುಂಡಿನಿಂದ ಹಿಡಿದು ರಸಮಟ್ಟದವರೆಗೆ, ಬಸ್ ನಿಲ್ದಾಣದ ಸುಳ್ಳನ್ನೂ ಸೇರಿಸಿ. ಬಾಗಿಲಲ್ಲಿ ಹೆಂಡತಿ ಬಂದು ನಿಂತದ್ದು ಗೊತ್ತಾಯಿತು, ತಿರುಗಿ ನೋಡುವ ಧೈರ್ಯ ಬರಲಿಲ್ಲ. ಮಾವ ಬೈಯುತ್ತಾರೆ ಎಂದುಕೊಂಡಿದ್ದೆ, ಬೈದರೆ ಸಾಕಪ್ಪಾ ಎಂದು ಕಾದಿದ್ದೆ.

“ಜಗಲಿ ಕಲ್ಲು ಒಂದನ್ನ ಎತ್ತಿದ್ರೆ ಆಗ್ತಿತ್ತು,” ಎಂದರು. “ಕೇಳಿದ್ರೆ ಹೇಳ್ತಿದ್ದೆ.”

ಇಟ್ಟಿಗೆಯ ದೂಳನ್ನು ಪಂಚೆಯ ಅಂಚಿನಿಂದ ಒರೆಸಿ ನನ್ನ ಕಡೆ ತಿರುಗಿದರು.

“ಅದು ಹೋಗ್ಲಿ ಬಿಡಿ. ಒಂದು ಕೇಳ್ತೀನಿ, ನಿಜ ಹೇಳಿ. ಮೂವತ್ತಾರು ವರ್ಷ ಒಟ್ಟಿಗೆ ಕೂತು ಉಂಡಿದ್ದೀವಿ. ಅಷ್ಟೂ ದಿನ ನೀವು ನನಗೆ ನೆಟ್ಟಗೆ ಒಂದು ಗೋಡೆ ಎತ್ತೋಕೆ ಬರಲ್ಲ ಅಂತಾನೇ ತಿಳ್ಕೊಂಡಿದ್ರಾ?”

ಆ ಒಂದು ಗೋಡೆ ಮಾತ್ರ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಹೌದು ಎಂದೆ.

ಅವರು ಇಟ್ಟಿಗೆಯನ್ನು ಮಗಳ ಕೈಗೆ ಕೊಟ್ಟು, ಹೊರಗಿಡು ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಆಮೇಲೆ ನನ್ನ ಮೇಲೆ ಒಂದು ಮಾತೂ ಆಡಿಲ್ಲ. ಔಷಧಿ ಕೊಟ್ಟರೆ ತೆಗೆದುಕೊಳ್ಳುತ್ತಾರೆ, ಕೈ ಹಿಡಿದು ಎಬ್ಬಿಸಿದರೆ ಏಳುತ್ತಾರೆ. ಊಟಕ್ಕೆ ಕರೆದರೆ ಮಾತ್ರ ಇನ್ನೂ ಹಸಿವಿಲ್ಲ ಎನ್ನುತ್ತಾರೆ. ನಾನು ಉಂಡು ಕೈ ತೊಳೆದು ಎದ್ದುಹೋದ ಮೇಲೆ ಹೆಂಡತಿ ಅವರಿಗೆ ತಟ್ಟೆ ಹಾಕುತ್ತಾಳೆ.