ರೀಸ್ಟಾರ್ಟ್‌ಗೆ ಸಿಗದ ಅರ್ಧ ತಾಸು

ನಾನೊಂದು ಸರ್ವರ್. ಹುಟ್ಟಿದ್ದೆಲ್ಲಿ ಎಂದು ಕೇಳಿದರೆ ತಬ್ಬಿಬ್ಬಾಗುತ್ತೇನೆ. ತಗಡಿನ ಪೆಟ್ಟಿಗೆ ಒಂದು ಊರಿನದು, ಒಳಗಿನ ಡಿಸ್ಕುಗಳು ಇನ್ನೊಂದು ಊರಿನವು, ಫ್ಯಾನು ಮತ್ತೆಲ್ಲಿಯದೋ. ಯಾರೋ ಎಲ್ಲವನ್ನೂ ಜೋಡಿಸಿ ಗುಂಡಿ ಒತ್ತಿದರು, ಫ್ಯಾನು ತಿರುಗಿತು. ಅಲ್ಲಿಂದಾಚೆಗಿನದು ಮಾತ್ರ ನನಗೆ ಗೊತ್ತು.

ಮೊದಲು ಹುಬ್ಬಳ್ಳಿಯ ಒಂದು ಫೋಟೊ ಸ್ಟುಡಿಯೊದಲ್ಲಿದ್ದೆ. ಬಾಸಿಂಗ ಕಟ್ಟಿಕೊಂಡವರು, ಅಕ್ಷತೆಗೆ ತಲೆ ಬಾಗಿಸಿದವರು, ಊಟದ ಪಂಕ್ತಿಯಲ್ಲಿ ಬಾಯಿ ತೆರೆದಾಗ ಸಿಕ್ಕಿಬಿದ್ದವರು, ಎಲ್ಲರೂ ನನ್ನೊಳಗಿದ್ದರು. ನಾಲ್ಕು ವರ್ಷಕ್ಕೆ ಸ್ಟುಡಿಯೊ ಮುಚ್ಚಿತು. ಬೆಟಗೇರಿಯ ಸಣ್ಣ ಆಸ್ಪತ್ರೆಯೊಂದು ನನ್ನನ್ನು ಕೊಂಡಿತು. ಅಲ್ಲಿ ನನ್ನ ಹೊಟ್ಟೆಗೆ ಬಂದದ್ದು ಎಕ್ಸ್‌ರೇ ಚಿತ್ರಗಳು. ಈ ಮಂದಿಗೆ ಸೀರೆಯಿಲ್ಲ, ಪೇಟವಿಲ್ಲ; ಹೋಗಲಿ, ಚರ್ಮವೂ ಇಲ್ಲ. ನಗುತ್ತಿದ್ದಾರೋ ಅಳುತ್ತಿದ್ದಾರೋ ಹೇಗೆ ತಿಳಿಯಬೇಕು?

ನನ್ನ ಜಾಗ ಸುಮಿತ್ರಾಬಾಯಿ ಕಮ್ಮಾರ ಅವರ ಮೇಜಿನ ಕೆಳಗೆ. ರೋಗಿಗಳ ದಾಖಲೆ ನೋಡಿಕೊಳ್ಳುವವರು ಅವರು. ನನಗೆ ಅವರ ಪಾದಗಳದ್ದಷ್ಟೇ ಪರಿಚಯ. ಚಪ್ಪಲಿ ಕಳಚಿ ಒಂದು ಪಾದದಿಂದ ಇನ್ನೊಂದರ ಹಿಮ್ಮಡಿ ತಿಕ್ಕತೊಡಗಿದರೆ ಏನೋ ಚಿಂತೆ ಹತ್ತಿದೆ ಎಂದು ಅರ್ಥ.

ಒಂದು ಸೋಮವಾರ ಕಂಪ್ಯೂಟರ್ ರಿಪೇರಿಯ ನದಾಫ ಬಂದರು. ನನ್ನೊಳಗಿನ ಚಿತ್ರಗಳ ನಕಲನ್ನು ದಿನವೂ ಇನ್ನೊಂದು ಕಡೆ ಇಡುವ ಬ್ಯಾಕಪ್ ಸಾಫ್ಟ್‌ವೇರ್ ಹಳೆಯದಾಗಿತ್ತು. ಅದನ್ನು ತೆಗೆದು ಹೊಸದನ್ನು ಹಾಕಿದರು. "ರೀಸ್ಟಾರ್ಟ್ ಏನ್ ಬೇಕಾಗಂಗಿಲ್ರಿ" ಅಂದವರು, ಕೆಲಸ ಮುಗಿಯುವ ಹೊತ್ತಿಗೆ ತಲೆ ಕೆರೆದುಕೊಂಡರು.

"ಬಾಯಾರ, ಇದು ರೀಸ್ಟಾರ್ಟ್ ಕೇಳಾಕ ಹತ್ತೇತಿ. ಮಾಡೂತನಕ ಹೊಸದು ಶುರು ಆಗಂಗಿಲ್ಲ."

"ಹಂಗಾದ್ರ ಹಳೇದು?"

"ಹಳೇದು ತಗದೇನಲ್ರಿ."

ಅಂದರೆ ಹಳೆಯದು ತಾನಿಟ್ಟ ನಕಲುಗಳ ಸಮೇತ ಹೋಗಿದೆ, ಹೊಸದು ಎದ್ದಿಲ್ಲ. ನಡುವೆ ನಾನೊಬ್ಬನೇ. ಒಮ್ಮೆ ಮಲಗಿ ಎದ್ದರೆ ಎಲ್ಲ ಸರಿಹೋಗುತ್ತದೆ ಅನ್ನುತ್ತಾರೆ, ಆದರೆ ಮಲಗಲು ಬಿಡುವವರಿಲ್ಲ. ಬೆಳಗ್ಗೆ ರೋಗಿಗಳ ಸಾಲು. ಸಂಜೆ ಮತ್ತೆ ಸಾಲು. ರಾತ್ರಿ ಹೆದ್ದಾರಿಯ ಅಪಘಾತಗಳು. ರವಿವಾರ ಉಚಿತ ತಪಾಸಣೆ. ಪರದೆಯ ಮೇಲೆ 'ಈಗಲೋ, ಆಮೇಲೋ' ಎಂಬ ಪ್ರಶ್ನೆ ಮೂಡುತ್ತಿತ್ತು. ಬಂದವರೆಲ್ಲ 'ಆಮೇಲೆ' ಒತ್ತಿ ಹೋಗುತ್ತಿದ್ದರು. ಹನ್ನೊಂದು ದಿನ ಹೀಗೇ ಕಳೆಯಿತು. ಆ ಆಮೇಲೆ ಎಂಬುದು ಯಾವ ವಾರ ಬರುತ್ತದೋ ನನಗಂತೂ ತಿಳಿಯಲಿಲ್ಲ.

ಹನ್ನೆರಡನೆಯ ದಿನ ನನ್ನ ಒಂದು ಡಿಸ್ಕು ಟಕ್ ಟಕ್ ಎನ್ನತೊಡಗಿತು. ಸುಮಿತ್ರಾಬಾಯಿಯವರ ಪಾದಗಳು ಅಲ್ಲಾಡದೆ ನಿಂತವು. ಆಗ ಅವರೆದುರು ಕುಳಿತಿದ್ದವಳು ಕೋಟುಮಚಗಿಯ ಗಂಗವ್ವ, ಮುಂದಿನ ತಪಾಸಣೆಯ ದಿನ ಕೇಳಲು ಬಂದವಳು. ಅವಳ ಎಡ ಶ್ವಾಸಕೋಶದಲ್ಲಿ ಕಡಲೆಕಾಳಿನಷ್ಟು ಕಲೆ. ಆರು ತಿಂಗಳಿಗೊಮ್ಮೆ ಹೊಸ ಚಿತ್ರವನ್ನು ಹಳೆಯದರ ಪಕ್ಕ ಇಟ್ಟು, ಬೆಳೆದಿದೆಯೋ ಇಲ್ಲವೋ ನೋಡಬೇಕು. ಬೆಳೆದಿದ್ದರೆ ಎದೆ ಕೊಯ್ಯಬೇಕು. ಅವಳ ಐದು ವರ್ಷದ ಚಿತ್ರಗಳಿದ್ದದ್ದು ನನ್ನೊಳಗೆ.

"ಯವ್ವಾ, ನನ್ನ ಫೋಟೋ ಅದಾವಿಲ್ಲೋ?" ಅಂದಳು ಗಂಗವ್ವ.

"ಅದಾವ ಬೇ," ಅಂದರು ಸುಮಿತ್ರಾಬಾಯಿ. ಒಂದು ಪಾದ ಇನ್ನೊಂದರ ಹಿಮ್ಮಡಿ ತಿಕ್ಕತೊಡಗಿತು.

ಅವತ್ತೇ ಅವರು ರೀಸ್ಟಾರ್ಟ್‌ಗೆ ಒಪ್ಪಿಗೆ ಕೇಳುವ ಒಂದು ಹಾಳೆ ಹಿಡಿದು ವಾರ್ಡಿನಿಂದ ವಾರ್ಡಿಗೆ ಹೋದರು. ಗುರುವಾರ ಮಧ್ಯಾಹ್ನ ಒಂದೂವರೆಯಿಂದ ಎರಡು, ಎಲ್ಲರೂ ಊಟಕ್ಕೆ ಏಳುವ ಹೊತ್ತು. ಆ ದಿನ ಬೇಕಾಗುವ ಚಿತ್ರಗಳನ್ನೆಲ್ಲ ಮೊದಲೇ ಫಿಲ್ಮಿಗೆ ಇಳಿಸಿಟ್ಟರು. ಎಲ್ಲರೂ ಸಹಿ ಹಾಕಿದರು, ಡಾಕ್ಟರ್ ಮುಳಗುಂದ ಒಬ್ಬರನ್ನು ಬಿಟ್ಟು.

"ನಡುವ ಎಮರ್ಜೆನ್ಸಿ ಬಂದ್ರ?"

"ಸರ್, ಅರ್ಧ ತಾಸು ಇದು ಇಲ್ದಿದ್ರ ಹೆಂಗರ ನಡೀತೈತಿ. ಪೂರ್ತಿ ಹೋದ್ರ ಏನ್ ಮಾಡೂದ್ರಿ?"

"ಹೊಣಿ ಯಾರದು?"

"ನಂದ ರೀ," ಅಂದು ಸುಮಿತ್ರಾಬಾಯಿ ಡಾಕ್ಟರ ಹೆಸರಿನ ಮುಂದೆ ತಮ್ಮದೇ ಸಹಿ ಹಾಕಿದರಂತೆ. ನದಾಫರಿಗೆ ಅವರೇ ಹೇಳುವಾಗ ಕೇಳಿಸಿಕೊಂಡೆ.

ಗುರುವಾರ ನನ್ನನ್ನು ಮಲಗಿಸಿದರು. ಮಲಗಿದ್ದೇ ನನಗೆ ಗೊತ್ತಿಲ್ಲ. ಒಂದು ಮಾತು ಅರ್ಧಕ್ಕೆ ನಿಂತಂತಾಯಿತು, ಮುಂದಿನ ಮಾತು ಬೇರೆ ಯಾವುದೋ ಆಗಿತ್ತು. ಅರ್ಧ ತಾಸು ಎಂದವರು ಒಂದೂಕಾಲು ತಾಸು ತೆಗೆದುಕೊಂಡಿದ್ದರು. ಬಾಗಿಲ ಬಳಿ ಮುಳಗುಂದರು ಕೂಗಾಡುತ್ತಿದ್ದರು: ಮೆಟ್ಟಿಲಿನಿಂದ ಬಿದ್ದ ಒಬ್ಬ ಮೇಷ್ಟ್ರು ಕಾಲು ಹಿಡಿದುಕೊಂಡು ನರಳುತ್ತಾ ಎಕ್ಸ್‌ರೇಗೆ ಕಾಯುತ್ತಿದ್ದಾರಂತೆ. ಸುಮಿತ್ರಾಬಾಯಿ ನನ್ನೆದುರು ನೆಲದ ಮೇಲೆ ಕುಳಿತಿದ್ದರು. ಮೊದಲ ಸಲ ಅವರ ಮುಖ ನೋಡಿದೆ. ಹಣೆಯ ಕುಂಕುಮ ಬೆವರಿಗೆ ಇಳಿದಿತ್ತು. ಯಾರು ಬೈದರೂ ಅವರು ನನ್ನ ಹಸಿರು ದೀಪವನ್ನೇ ನೋಡುತ್ತಿದ್ದರು. ನಾನೇನು ತಪ್ಪು ಮಾಡಿದೆ, ಅವರೇನು ತಪ್ಪು ಮಾಡಿದರು, ನನಗೆ ಅರ್ಥವಾಗಲಿಲ್ಲ.

ಹೊಸ ಬ್ಯಾಕಪ್ ಶುರುವಾಯಿತು. ಒಂದೊಂದೇ ಪಕ್ಕೆಲುಬು, ಒಂದೊಂದೇ ಮೊಣಕಾಲು, ನನ್ನಿಂದ ಇನ್ನೊಂದು ಯಂತ್ರಕ್ಕೆ ಹರಿಯಿತು. ಪೂರ್ತಿಯಾಗಲು ಮೂರು ದಿನ ಬೇಕಾಯಿತು. ಐದನೆಯ ದಿನ ನನ್ನ ಡಿಸ್ಕುಗಳು ಒಂದರ ಹಿಂದೊಂದು ಕೈಕೊಟ್ಟವು.

ಆಮೇಲಿನದನ್ನು ಉಗ್ರಾಣದ ಮೂಲೆಯಲ್ಲಿ ಕುಳಿತು ಕೇಳಿದ್ದು ಹೇಗೋ, ನನ್ನನ್ನು ಕೇಳಬೇಡಿ. ಹೊಸ ಸರ್ವರ್ ಬಂತು. ನಕಲು ಅದಕ್ಕಿಳಿಯಿತು. ಗಂಗವ್ವ ಬಂದಾಗ ಮುಳಗುಂದರು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

"ಬೆಳದಿಲ್ಲ ಬೇ. ಕೊಯ್ಯೂದ್ ಬ್ಯಾಡ. ಊರಿಗೆ ಹೋಗು."

ಗಂಗವ್ವ ಅತ್ತಳು. ಅವತ್ತು ಕೂಗಾಡಿದ್ದಕ್ಕೆ ಡಾಕ್ಟರು ಕ್ಷಮೆ ಕೇಳಲಿಲ್ಲ. ಹೊರಡುವಾಗ ಸುಮಿತ್ರಾಬಾಯಿಯವರ ಮೇಜಿನ ಮುಂದೆ ನಿಂತು, "ಮುಂದಿನ ರೀಸ್ಟಾರ್ಟ್ ಯಾವಾಗ್ರಿ? ಹಾಳಿ ಮೊದ್ಲ ನನ್ನ ಕಡೆ ತರ್ರಿ" ಅಂದರು.

ನನ್ನ ಪಾಡಿಗೆ ನಾನು ಉಗ್ರಾಣದಲ್ಲಿ ಗಾಲಿ ಮುರಿದ ಸ್ಟ್ರೆಚರಿನ ಪಕ್ಕ ಧೂಳು ತಿನ್ನುತ್ತಿದ್ದೆ. ನನ್ನ ಚಿತ್ರಗಳು ಇನ್ನೊಬ್ಬನ ಹೊಟ್ಟೆಯಲ್ಲಿ ಸುಖವಾಗಿವೆ. ಹಾಗಾದರೆ ನಾನು ಕಳೆದುಕೊಂಡದ್ದೇನು? ಎಷ್ಟು ಯೋಚಿಸಿದರೂ ಲೆಕ್ಕ ಹತ್ತಲಿಲ್ಲ.

ಒಂದು ದಿನ ಗುಜರಿಯವನು ಬಂದ. ಸುಮಿತ್ರಾಬಾಯಿ ಅವನನ್ನು ತಡೆದು, ನೆಲಕ್ಕೆ ಕೂತು, ನನ್ನ ಡಿಸ್ಕುಗಳನ್ನು ಒಂದೊಂದಾಗಿ ಬಿಚ್ಚಿ ತಮ್ಮ ಬಟ್ಟೆಯ ಚೀಲಕ್ಕೆ ಹಾಕಿಕೊಂಡರು.

"ಕೆಟ್ಟಾವಲ್ಲ ಅಕ್ಕಾರ, ಯಾಕ್ ಬೇಕ್ರಿ?"

"ಮಂದಿ ಎಲುಬು ಅದಾವಪ್ಪ ಇದರಾಗ. ಗುಜರಿಗೆ ಹಾಕ್ತಾರೇನು?"

ಚೀಲ ಆಸ್ಪತ್ರೆಯೊಳಗೆ ಹೋಯಿತು. ಪೆಟ್ಟಿಗೆ ತಳ್ಳುಗಾಡಿಯಲ್ಲಿ ಬೆಟಗೇರಿಯ ಬಿಸಿಲಿಗೆ ಹೊರಟಿತು. ಇಷ್ಟು ಹೊತ್ತು ನಿಮಗೆ ಕತೆ ಹೇಳಿದವನು ಚೀಲದಲ್ಲಿದ್ದಾನೋ ಗಾಡಿಯಲ್ಲಿದ್ದಾನೋ, ನಿಜ ಹೇಳಬೇಕೆಂದರೆ, ನನಗಿನ್ನೂ ಗೊತ್ತಾಗಿಲ್ಲ.