ಸ್ಟೀರಿಂಗ್ ಮೇಲಿನ ಹಿತ್ತಾಳೆ ಬಿಲ್ಲೆ

“ಇದು ಬಿದ್ದುಹೋಗಲ್ಲ ತಾನೇ?” ಎಂದು ರಿಹಾಬ್ ಕೇಳಿದಾಗ ಶುಕ್ರಿಗೆ ನಗು ಬಂತು.

“ಮಿಸ್, ನಿಮ್ಮ ಕಾರು ಗುಜರಿಗೆ ಹೋಗ್ಬಹುದು. ನನ್ನ ಬಿಲ್ಲೆ ಮಾತ್ರ ಅಲ್ಲಾಡಲ್ಲ,” ಎನ್ನುತ್ತ ಅವನು ಸ್ಟೀರಿಂಗಿನ ನಡುಭಾಗವನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಹಿಡಿದ.

ಇರ್ಬಿದ್ ಊರಿನ ಗ್ಯಾರೇಜು ಬೀದಿಯಲ್ಲಿ ಕಾರುಗಳಿಗೆ ಸಿಂಗಾರ ಮಾಡುವ ಅಂಗಡಿಗಳಿಗೆ ಬರವಿಲ್ಲ. ಸೀಟಿನ ಕವರು, ಕಾಲಡಿಯ ಚಾಪೆ, ಕಿಟಕಿಯ ಕಪ್ಪು ಹಾಳೆ ಎಲ್ಲ ಕಡೆಯೂ ಸಿಗುತ್ತವೆ. ಶುಕ್ರಿಯ ಹೆಸರು ಹಬ್ಬಿದ್ದು ಈ ಬಿಲ್ಲೆಯಿಂದ. ಲೋಟದ ಬಾಯಿಯಷ್ಟು ಅಗಲದ ಹಿತ್ತಾಳೆ, ಅಂಚಿಗೆಲ್ಲ ಹೂವಿನ ಎಸಳಿನಂಥ ಕೊರೆತ, ನಡುವೆ ನೀಲಿ ಗಾಜಿನ ಕಣ್ಣು. ಹೊಸ ಗಾಡಿ ಕೊಂಡವರಿಗೆ ಕಂಡವರ ದೃಷ್ಟಿ ತಾಗದಿರಲೆಂದು ಕನ್ನಡಿಗೆ ನೀಲಿ ಮಣಿ ನೇತುಹಾಕುವುದು ಆ ಸೀಮೆಯಲ್ಲಿ ಅಜ್ಜಿಯರ ಕಾಲದಿಂದ ಇದ್ದದ್ದೇ. ಅದನ್ನು ಬಿಲ್ಲೆ ಮಾಡಿ, ಹಾರನ್ ಒತ್ತುವ ಜಾಗದಲ್ಲೇ ಅಂಟಿಸುವ ಉಪಾಯ ಮಾತ್ರ ಶುಕ್ರಿಯ ತಲೆಯಿಂದ ಬಂದದ್ದು. ತನ್ನ ತಲೆಯ ಬಗ್ಗೆ ಅವನಿಗೆ ಸ್ವಲ್ಪ ಹೆಚ್ಚೇ ಅಭಿಮಾನವಿತ್ತು.

ರಿಹಾಬ್ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ಹಳೆಯದಾದರೂ ಅವಳ ಪಾಲಿಗೆ ಅದು ಮೊದಲ ಕಾರು. ಬಿಲ್ಲೆ ಬೇಕೆಂದು ಹಟ ಹಿಡಿದವಳು ಅವಳ ತಾಯಿ.

“ಬೆಳಿಗ್ಗೆಯಿಂದ ಕಾರು ಕಂಪನಿ ಏಜೆನ್ಸಿಯಲ್ಲೇ ಇದ್ದೆ,” ಎಂದಳು ರಿಹಾಬ್. “ಈ ಕಾರಿನ ಸ್ಟೀರಿಂಗ್ ಒಳಗಿನ ಏರ್‌ಬ್ಯಾಗ್ ಸರಿಯಿಲ್ಲವಂತೆ. ಒಡೆದ್ರೆ ಒಳಗಿಂದ ಲೋಹದ ಚೂರು ಹಾರತ್ತಂತೆ. ಕಂಪನಿ ಎಲ್ಲಾ ಕಾರನ್ನೂ ವಾಪಸ್ ಕರೆಸಿ, ಪುಕ್ಕಟೆ ಬೇರೆ ಹಾಕಿಕೊಡ್ತಿದೆ. ನಮ್ಮಣ್ಣ ಅದೆಲ್ಲಾ ಮೋಸ, ಹೋಗ್ಬೇಡ ಅಂದ.”

“ನಿಮ್ಮಣ್ಣನಿಗೆ ಬುದ್ಧಿ ಇಲ್ಲ ಬಿಡಿ. ನನಗೂ ಸೀಟ್ ಬೆಲ್ಟಿಗೆ ಹಂಗೇ ಮೆಸೇಜ್ ಬಂದಿತ್ತು. ಮಾರನೇ ದಿನಾನೇ ಹೋಗಿ ಹೊಸದು ಹಾಕಿಸ್ಕೊಂಡೆ. ಜೀವದ ವಿಷಯ ಮಿಸ್, ಅದರಲ್ಲಿ ಸಸಾರ ಮಾಡಬಾರದು,” ಎಂದ ಶುಕ್ರಿ. ಹಾಗೆನ್ನುತ್ತಲೇ ಆ ಬೆಳಿಗ್ಗೆ ತಾನೇ ಹೊಸದಾಗಿ ಕೂರಿಸಿದ ಏರ್‌ಬ್ಯಾಗಿನ ನೆತ್ತಿಯ ಮೇಲೆ ಬಿಲ್ಲೆಯನ್ನಿಟ್ಟು, ಎರಡೂ ಹೆಬ್ಬೆರಳಿನಿಂದ ಭದ್ರವಾಗಿ ಒತ್ತಿದ.

ಅವನ ಮನಸ್ಸಿನಲ್ಲಿ ಕೇಡಿರಲಿಲ್ಲ. ಅವಳ ಮನಸ್ಸಿನಲ್ಲಿ ಅನುಮಾನವಿರಲಿಲ್ಲ. ಇಬ್ಬರೂ ಸಂತೋಷವಾಗಿಯೇ ಬೀಳ್ಕೊಂಡರು.

ಆಲಿವ್ ಕೊಯ್ಲು ಶುರುವಾದ ವಾರದಲ್ಲಿ ಶುಕ್ರಿಯ ಅಣ್ಣನ ಮಗ ಮುಹನ್ನದ್, ಪಿಕಪ್ ತುಂಬ ಆಲಿವ್ ಚೀಲ ಹೇರಿಕೊಂಡು ಗಾಣಕ್ಕೆ ಹೊರಟಿದ್ದ. ಅಡ್ಡರಸ್ತೆಯಿಂದ ನೋಡದೆ ನುಗ್ಗಿ ಒಂದು ಕಾರಿನ ಮೂತಿಗೆ ಗುದ್ದಿದ. ವೇಗವೇನೂ ಇರಲಿಲ್ಲ. ಪಿಕಪ್ಪಿನ ದೀಪ ಒಡೆಯಿತು, ಕಾರಿನ ಬಾನೆಟ್ ಸೊಟ್ಟಗಾಯಿತು, ಅಷ್ಟೇ. ಇಳಿದು ಬೈದಾಡಿ ಮುಗಿಸುವಂಥ ಅಪಘಾತ. ಆದರೆ ಕಾರಿನಿಂದ ಯಾರೂ ಇಳಿಯಲಿಲ್ಲ. ಮುಹನ್ನದ್ ಹೋಗಿ ಬಾಗಿಲು ತೆಗೆದು ನೋಡಿದವನು ಅಲ್ಲೇ ರಸ್ತೆಯಲ್ಲಿ ಕುಸಿದು ಕೂತ.

ಸುದ್ದಿ ಕೇಳಿ ಶುಕ್ರಿ ಆಸ್ಪತ್ರೆಗೆ ಓಡಿದಾಗ ಒಳಗಿರುವವಳು ಯಾರೆಂದು ಅವನಿಗೆ ತಿಳಿಯದು. ಮೊಗಸಾಲೆಯಲ್ಲಿ ಅವಳ ತಂದೆ ಅಬೂ ರಾಕಾನ್ ಗೋಡೆಗೊರಗಿ ನಿಂತಿದ್ದ. ಮಗ ರಾಕಾನ್ ಅತ್ತಿಂದಿತ್ತ ಓಡಾಡುತ್ತಿದ್ದ.

“ಬೆಲ್ಟ್ ಹಾಕಿದ್ಲು! ಬ್ಯಾಗೂ ಸರಿಯಾಗಿ ಬಿಚ್ಚಿದೆ!” ಎಂದು ರಾಕಾನ್ ಕೂಗಿದ. “ಆದ್ರೂ ದವಡೆ ಪುಡಿಪುಡಿ. ಬೇಡ ಬೇಡ ಅಂದೆ, ಕಂಪನಿ ಮಾತು ನಂಬಿ ಹೋಗಿ ಬದಲಾಯಿಸ್ಕೊಂಡು ಬಂದ್ಲು. ಅದೇ ಹೊಸ ಬ್ಯಾಗು ಅವಳನ್ನ ಹಿಂಗೆ ಮಾಡಿದೆ!”

ಶುಕ್ರಿಗೆ ಮೈ ಉರಿಯಿತು. ಅಣ್ಣನ ಮಗನ ತಪ್ಪು ಕೊಂಚ ಹಗುರಾಗುತ್ತದೆಂಬ ಆಸೆಯೂ ಅದರಲ್ಲಿ ಸೇರಿತ್ತೆಂದು ಹೇಳಬೇಕು. “ಬಿಡಬೇಡಿ ಅವರನ್ನ! ಗೊತ್ತಿದ್ದೂ ಗೊತ್ತಿದ್ದೂ ಮಾರ್ತಾರೆ, ಹೆಣ ಬಿದ್ದಮೇಲೆ ವಾಪಸ್ ತನ್ನಿ ಅಂತಾರೆ. ಜನರ ಜೀವ ಅಂದ್ರೆ ಇವರಿಗೆ ಆಟದ ಸಾಮಾನು!” ಎಂದು ಎಲ್ಲರಿಗಿಂತ ಗಟ್ಟಿಯಾಗಿ ಅವನೇ ಕೂಗಾಡಿದ.

ಅಷ್ಟರಲ್ಲಿ ಡಾಕ್ಟರಮ್ಮ ಹೊರಗೆ ಬಂದಳು. ಕೈಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ. “ಪ್ರಾಣಕ್ಕೆ ಅಪಾಯವಿಲ್ಲ. ದವಡೆಗೆ ತಂತಿ ಕಟ್ಟಿದ್ದೀವಿ, ಮಾತಾಡೋಕೆ ತಿಂಗಳುಗಟ್ಟಲೆ ಆಗ್ಬಹುದು. ನಾಲಗೇನೂ ಸೀಳಿದೆ. ಈ ಚೂರು ಮೂಳೆಯಲ್ಲಿ ನಾಟಿಕೊಂಡಿತ್ತು. ಪೊಲೀಸಿಗೆ ಬೇಕಾಗುತ್ತೆ, ಇಟ್ಕೊಳ್ಳಿ.”

ಡಬ್ಬಿಯೊಳಗೆ ಉಗುರಿನಷ್ಟು ಲೋಹ, ಮಡಿಸಿದ ಕಾಗದದ ಹಾಗೆ ಮುದುಡಿಹೋಗಿತ್ತು. “ನೋಡಿದ್ರಾ! ಬ್ಯಾಗಿನೊಳಗಿಂದ ಹಾರಿದ್ದು!” ಎಂದು ರಾಕಾನ್ ಅದನ್ನು ಎಲ್ಲರ ಮುಖದ ಮುಂದೆಯೂ ಹಿಡಿದ. ಶುಕ್ರಿಯ ಮುಖದ ಮುಂದೆಯೂ ಹಿಡಿದ. ಒಂದು ಅಂಚು ಮುದುಡದೆ ಉಳಿದಿತ್ತು. ಅದರಲ್ಲಿ ಹೂವಿನೆಸಳಿನ ಕೊರೆತ.

“ಒಳಗಿರೋದು... ಹೆಸರೇನು?” ಎಂದ ಶುಕ್ರಿ.

“ರಿಹಾಬ್. ನನ್ನ ತಂಗಿ. ಶಾಲೆಯಲ್ಲಿ ಪಾಠ ಹೇಳ್ತಾಳೆ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಶುಕ್ರಿ ತನ್ನ ಎರಡೂ ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿಕೊಂಡ. ಈವರೆಗೆ ಕಂಪನಿಗೆ ಅಂದದ್ದೆಲ್ಲ ಒಂದೊಂದಾಗಿ ತನ್ನ ಕಿವಿಗೇ ಮರಳಿ ಬೀಳುತ್ತಿತ್ತು. ಬ್ಯಾಗು ಮಾಡಬೇಕಾದ್ದನ್ನೇ ಮಾಡಿತ್ತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಉಬ್ಬಿ ಹೊರಗೆ ಹಾರಿತ್ತು. ಅದರ ಬಾಯಿಗೆ ಹಿತ್ತಾಳೆ ಕಟ್ಟಿದವನು ತಾನು.

ಅವನು ಏನು ಮಾಡಿದ? ಹೇಳಲು ನಾಚಿಕೆಯಾಗುತ್ತದೆ. ಆಸ್ಪತ್ರೆಯಿಂದ ಹೊರಬಿದ್ದವನು ನೇರ ತನ್ನ ಕಾರಿಗೆ ಹೋಗಿ, ನೈಲಾನ್ ದಾರದಿಂದ ಗರಗಸದಂತೆ ಉಜ್ಜಿ ಉಜ್ಜಿ ಬಿಲ್ಲೆ ಕಿತ್ತ. ಮಗಳ ಮನೆಗೆ ಹೋಗಿ, “ಬಣ್ಣ ಮಾಸಿದೆ, ಬೇರೆ ಕೊಡ್ತೀನಿ” ಎಂದು ಸುಳ್ಳು ಹೇಳಿ ಅಳಿಯನ ಕಾರಿನದನ್ನೂ ಕಿತ್ತ. ಅಂಗಡಿಯಲ್ಲಿ ಉಳಿದದ್ದನ್ನು ಚೀಲಕ್ಕೆ ತುಂಬಿ ಅಟ್ಟಕ್ಕೆ ಎಸೆದ. ತನ್ನ ಮನೆಯ ಮಟ್ಟಿಗೆ ಎಲ್ಲ ಸರಿಹೋಯಿತು. ಊರಿನ ಮಟ್ಟಿಗೆ ಬಾಯಿ ಮುಚ್ಚಿಕೊಂಡ.

ಮುಚ್ಚಿಕೊಂಡರೂ ಬೀದಿಗಿಳಿದರೆ ಸಾಕು, ನಿಂತ ಕಾರುಗಳ ಗಾಜಿನೊಳಗಿಂದ ನೀಲಿ ಕಣ್ಣುಗಳು ಅವನನ್ನು ದಿಟ್ಟಿಸುತ್ತಿದ್ದವು. ಇಷ್ಟೊಂದು ಮಾರಿದ್ದೇನೆಯೇ ಎಂದು ಅವನಿಗೇ ದಿಗಿಲಾಗುತ್ತಿತ್ತು.

ರಿಹಾಬ್ ಮನೆಗೆ ಬಂದ ಮೇಲೆ ಶುಕ್ರಿಯ ಮನೆತನದ ಹಿರಿಯರು ಕ್ಷಮೆ ಕೇಳಲು ಹೊರಟರು. ಗಾಯವಾದವರ ಮನೆಗೆ ಹೀಗೆ ಗುಂಪಾಗಿ ಹೋಗುವ ಜಾಹಾ ಇಲ್ಲದೆ ಅಲ್ಲಿ ಯಾವ ಅಪಘಾತವೂ ಮುಗಿಯುವುದಿಲ್ಲ. ಮುಂದಾಳು ಶುಕ್ರಿಯ ಚಿಕ್ಕಪ್ಪ ಅಬೂ ಗಾಲಿಬ್. ಶುಕ್ರಿ ಅವನ ಪಕ್ಕದ ಸೀಟಿನಲ್ಲಿ ಕೂತ. ಚಿಕ್ಕಪ್ಪನ ಸ್ಟೀರಿಂಗಿನ ಮೇಲೂ ಅದೇ ಬಿಲ್ಲೆ ಹೊಳೆಯುತ್ತಿತ್ತು. ಮುದುಕ ಸೀಟನ್ನು ಮುಂದಕ್ಕೆಳೆದುಕೊಂಡು, ಗಡ್ಡ ತಾಗುವಷ್ಟು ಹತ್ತಿರ ಕೂತು ಓಡಿಸುವವನು. ಪ್ರತಿ ಉಬ್ಬಿನಲ್ಲೂ ಶುಕ್ರಿಯ ಕಣ್ಣು ಆ ಬಿಲ್ಲೆಗೂ ಗಡ್ಡಕ್ಕೂ ಹೋಗಿ ಬರುತ್ತಿತ್ತು.

“ಯಾಕೋ ಬೆವರ್ತಿದ್ದೀಯ? ಮಾತಾಡೋನು ನಾನು, ನೀನು ಸುಮ್ನೆ ಕೂತ್ಕೊಂಡ್ರೆ ಸಾಕು,” ಎಂದ ಚಿಕ್ಕಪ್ಪ.

ಅಬೂ ರಾಕಾನನ ಚಾವಡಿಯಲ್ಲಿ ಎಲ್ಲರ ಮುಂದೆಯೂ ಕಹಿ ಕಾಫಿಯ ಪುಟ್ಟ ಬಟ್ಟಲು ಬಂತು. ಯಾರೂ ತುಟಿಗೆ ಹಚ್ಚಲಿಲ್ಲ. ಬಂದವರ ಕೋರಿಕೆ ನಡೆದು, ಮನೆಯವನು ‘ಕುಡಿಯಿರಿ’ ಅಂದರಷ್ಟೇ ಕುಡಿಯುವುದು, ಕುಡಿದರೆ ಜಗಳ ಮುಗಿಯಿತು. ಅಬೂ ಗಾಲಿಬ್ ಎದ್ದು ನಿಂತು ದೇವರನ್ನು ನೆನೆದು, ಎರಡೂ ಮನೆತನವನ್ನು ಹೊಗಳಿ, ಹುಡುಗನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಬೇಕೆಂದು ಬೇಡಿದ. ಒಳಬಾಗಿಲ ಪರದೆಯ ಹಿಂದೆ ಹೆಂಗಸರು ಕೂತದ್ದು ಕಾಣುತ್ತಿತ್ತು.

ಅಬೂ ರಾಕಾನ್ ನಿಧಾನವಾಗಿ ಹೇಳಿದ: “ನಿಮ್ಮ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಗುದ್ದಿದ್ದು ಬಾನೆಟ್ಟಿಗೆ. ನನ್ನ ಮಗಳನ್ನ ಹಾಳು ಮಾಡಿದ್ದು ಆ ಕಂಪನಿ. ಇನ್ಮೇಲೆ ನಮ್ಮ ಜನ ಯಾರೂ ಅವರು ಕರೆದ್ರೆ ಹೋಗಲ್ಲ, ಬದಲಾಯಿಸ್ಕೊಳ್ಳಲ್ಲ. ಎಲ್ಲರಿಗೂ ಹೇಳಿದ್ದೀನಿ. ಕುಡೀರಿ, ಕಾಫಿ ಕುಡೀರಿ.”

ಬಟ್ಟಲುಗಳೆಲ್ಲ ಒಟ್ಟಿಗೇ ಮೇಲೆದ್ದವು. ಒಂದು ಮಾತ್ರ ಚಾಪೆಯ ಮೇಲೇ ಉಳಿಯಿತು.

ಹೋಗಲ್ಲ, ಬದಲಾಯಿಸಿಕೊಳ್ಳಲ್ಲ! ಆ ಮಾತು ಶುಕ್ರಿಯ ಎದೆಗೆ ನಾಟಿತು. ಇವನ ಮೌನದಿಂದ ನಿಜವಾಗಿ ಕೆಟ್ಟ ಬ್ಯಾಗುಗಳೂ ಊರಿನ ಕಾರುಗಳಲ್ಲೇ ಉಳಿಯಲಿದ್ದವು.

“ಕುಡಿಯೋ,” ಎಂದು ಚಿಕ್ಕಪ್ಪ ಹಲ್ಲು ಕಚ್ಚಿ ಪಿಸುಗುಟ್ಟಿದ. ಅನುಮತಿ ಸಿಕ್ಕ ಮೇಲೂ ಕುಡಿಯದಿರುವುದೆಂದರೆ ಮನೆಯವನ ಮುಖಕ್ಕೆ ಉಗಿದ ಹಾಗೆ.

“ನನ್ನ ಕೈಲಿ ಆಗಲ್ಲ ಚಿಕ್ಕಪ್ಪ.”

“ಏನಂದೆ?” ಅಬೂ ರಾಕಾನನ ಹುಬ್ಬು ಗಂಟಾಯಿತು. “ನನ್ನ ಕಾಫಿಯಲ್ಲಿ ಏನಾಗಿದೆ?”

“ಕಾಫಿಯಲ್ಲಿ ಏನೂ ಇಲ್ಲ ಹಾಜಿ. ಕಂಪನಿಯ ಬ್ಯಾಗಿನಲ್ಲೂ ಏನೂ ಇರಲಿಲ್ಲ. ಆ ಚೂರು ನಂದು.” ಶುಕ್ರಿ ಎರಡೂ ಹೆಬ್ಬೆರಳನ್ನು ಮುಂದೆ ಚಾಚಿದ. “ಸ್ಟೀರಿಂಗ್ ಮೇಲಿನ ದೃಷ್ಟಿ ಬಿಲ್ಲೆ. ನಾನೇ ಮಾಡಿದ್ದು, ನಾನೇ ಅಂಟಿಸಿದ್ದು. ಬ್ಯಾಗು ಬಿಚ್ಚಿದಾಗ ಅದು ಗುಂಡಿನ ಹಾಗೆ ಹೋಗಿ ತಾಗಿದೆ. ಆಸ್ಪತ್ರೆಯಲ್ಲೇ ಗೊತ್ತಾಯ್ತು. ಹೇಳಲಿಲ್ಲ.”

ಪರದೆಯ ಹಿಂದಿನಿಂದ, “ಅಯ್ಯೋ, ನಾನೇ ಹಾಕಿಸ್ಕೋ ಅಂದೆನಲ್ಲಾ!” ಎಂದು ತಾಯಿಯ ಗೋಳು ಕೇಳಿತು. ರಾಕಾನ್ ಹಾರಿ ಬಂದು ಶುಕ್ರಿಯ ಕೊರಳಪಟ್ಟಿ ಹಿಡಿದ. “ನನ್ನ ಪಕ್ಕದಲ್ಲೇ ನಿಂತು ಕೂಗಾಡ್ದೆಯಲ್ಲೋ! ಬಿಡಬೇಡಿ ಅವರನ್ನ ಅಂದೆಯಲ್ಲೋ!”

“ಬಿಡು ಅವನನ್ನ,” ಎಂದ ತಂದೆ. ಆಮೇಲೆ ಶುಕ್ರಿಯನ್ನೇ ನೋಡುತ್ತ ಕೇಳಿದ: “ಇಂಥವು ಎಷ್ಟು ಮಾರಿದ್ದೀಯ?”

“ಗೊತ್ತಿಲ್ಲ ಹಾಜಿ.”

“ಯಾರ್‍ಯಾರಿಗೆ?”

“ಬಂದವರಿಗೆಲ್ಲ. ಹೆಸರು ಕೇಳಿದವನಲ್ಲ.”

“ಆ ಕಂಪನಿಯವನು ಎಲ್ಲೋ ಕೂತು, ನನ್ನ ಮಗಳು ಯಾರು ಅಂತ ಹುಡುಕಿ ಮೆಸೇಜ್ ಕಳಿಸಿದ. ನೀನು ಇದೇ ಊರಲ್ಲಿ ಇದ್ದೀಯ.” ಅಬೂ ರಾಕಾನ್ ಬಗ್ಗಿ, ಶುಕ್ರಿಯ ಮುಂದಿದ್ದ ಬಟ್ಟಲನ್ನು ತಾನೇ ಎತ್ತಿಕೊಂಡ. “ಹುಡುಗನನ್ನ ಕ್ಷಮಿಸಿದ್ದೀನಿ, ಆ ಮಾತಿಗೆ ತಪ್ಪಲ್ಲ. ನಿನಗೆ ಈ ಮನೆಯಲ್ಲಿ ಇವತ್ತು ಕಾಫಿ ಇಲ್ಲ. ಹೋಗು.”

ಹೊರಗೆ ಬಂದ ಮೇಲೆ ಅಬೂ ಗಾಲಿಬ್ ಸಿಡಿದ. “ಮನೆತನದ ಮಾನ ಕಳೆದೆ! ನಾಳೆ ಒಬ್ಬನೇ ಬಂದು ಗುಟ್ಟಾಗಿ ಹೇಳಿದ್ರೆ ಆಗ್ತಿರಲಿಲ್ವೇನೋ ಕತ್ತೆ?”

“ನಾಳೆ ನಾಳೆ ಅಂತ ಇಷ್ಟು ದಿನ ಆಯ್ತು ಚಿಕ್ಕಪ್ಪ. ಸ್ವಲ್ಪ ಈಚೆ ಬನ್ನಿ.” ಶುಕ್ರಿ ಜೇಬಿನಿಂದ ನೈಲಾನ್ ದಾರ ತೆಗೆದು ಚಿಕ್ಕಪ್ಪನ ಕಾರಿನ ಸ್ಟೀರಿಂಗಿನ ಮೇಲೆ ಬಗ್ಗಿದ. ಚಿಕ್ಕಪ್ಪ ಇನ್ನೂ ಏನೋ ಬೈಯಲಿದ್ದವನು, ತನ್ನ ಗಡ್ಡವನ್ನೊಮ್ಮೆ ಮುಟ್ಟಿ ನೋಡಿಕೊಂಡ. ಬಿಲ್ಲೆ ಕಳಚಿ ಬಿದ್ದಾಗ, “ನಡ್ಕೊಂಡು ಹೋಗ್ತೀನಿ, ನೀವು ಹೊರಡಿ,” ಎಂದ ಶುಕ್ರಿ.

ದೊಡ್ಡ ವೃತ್ತದ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದಿತ್ತು. ಸಾಲಿನ ಮುಂದೆ ಒಂದು ಹಳದಿ ಟ್ಯಾಕ್ಸಿ, ಸ್ಟೀರಿಂಗಿನ ಮೇಲೆ ನೀಲಿ ಕಣ್ಣು, ಹಿಂದಿನ ಸೀಟಿನಲ್ಲಿ ತಾಯಿ ಮಕ್ಕಳು. ಶುಕ್ರಿ ವಾಹನಗಳ ನಡುವೆ ನುಸುಳಿ ಹೋಗಿ ಚಾಲಕನ ಗಾಜು ತಟ್ಟಿದ.

“ಏನಣ್ಣಾ, ಸೀಟಿಲ್ಲ, ಕಾಣ್ಸಲ್ವಾ?”

“ಸೀಟು ಬೇಡಪ್ಪ. ಆ ಬಿಲ್ಲೆ ಕಿತ್ಕೊಡು.”

“ಏನು ತಲೆಗಿಲೆ ಕೆಟ್ಟಿದೆಯಾ? ಹೆಂಡ್ತಿ ಹಾಕ್ಸಿದ್ದು. ಕಿತ್ರೆ ಮನೆಗೆ ಸೇರಿಸಲ್ಲ.”

“ನಾನು ಮಾಡಿದ್ದು ಅದು. ನನ್ನಿಂದ ತಪ್ಪಾಗಿದೆ. ಅದು ಮುಖಕ್ಕೆ ಹಾರತ್ತೆ, ಒಬ್ಬಳ ದವಡೆ ಹೋಗಿದೆ. ನಿನ್ನ ಹೆಂಡ್ತಿಗೆ ನಾನೇ ಬಂದು ಹೇಳ್ತೀನಿ, ಮನೆ ಎಲ್ಲಿ ಹೇಳು.”

ಚಾಲಕ ಬಿಲ್ಲೆಯನ್ನು ನೋಡಿದ, ಶುಕ್ರಿಯನ್ನು ನೋಡಿದ, ಮೆಲ್ಲಗೆ ಬೆನ್ನನ್ನು ಸೀಟಿಗೆ ಒತ್ತಿ ಹಿಂದೆ ಸರಿದ. ಶುಕ್ರಿ ಕಿಟಕಿಯೊಳಗೆ ಎರಡೂ ತೋಳು ತೂರಿಸಿ ದಾರ ಎಳೆಯತೊಡಗಿದ. ಹಸಿರು ದೀಪ ಬಿತ್ತು. ಹಿಂದಿನವರೆಲ್ಲ ಹಾರನ್ ಒತ್ತಿ, ತಲೆ ಹೊರಹಾಕಿ ಅವನ ಅಪ್ಪ ಅಜ್ಜನನ್ನೆಲ್ಲ ಬೈದರು. ಅವನು ಕೈ ತೆಗೆಯಲಿಲ್ಲ.