ಬೋಳು ಚಿಪ್‌ಗಳು

ಸ್ವಲ್ಪ ಇಲ್ಲಿ ಕೇಳಿ, ಪೂರ್ತಿ ಕೇಳಿ. ಪೇಷಾನ್‌ಗೆ ಮೂಗಿನ ತುದಿಯಲ್ಲೇ ಕೋಪ ಅನ್ನುವುದಾದರೆ ಆಮೇಲೆ ಅನ್ನಿ.

ಚೀನಾದ ಶೆಂಜೆನ್‌ನಲ್ಲಿರುವ ಹುವಾಚಿಯಾಂಗ್‌ಬೆಯ್ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯ ಮೇಲ್ಮಹಡಿಯಲ್ಲಿ ಅವಳದೂ ದೊಡ್ಡಪ್ಪನ ಮಗ ಜುನ್‌ಕಾಯ್‌ದೂ ಪುಟ್ಟ ವರ್ಕ್‌ಶಾಪು. ಬೆಳಿಗ್ಗೆ ಯಾರಾದರೂ ಹೊಸ ಯಂತ್ರದ ಯೋಚನೆ ಹೊತ್ತು ಬಂದರೆ ಸಂಜೆಯೊಳಗೆ ಮಾದರಿ ಮಾಡಿಕೊಡುವುದು ಕಸುಬು. ಅದಕ್ಕೆ ಡ್ರಾಯರಿನಲ್ಲಿ ಯಂತ್ರದ ಮಿದುಳಾದ ಮೈಕ್ರೋಕಂಟ್ರೋಲರ್ ಚಿಪ್‌ಗಳು ಸದಾ ಇರಬೇಕು. ಯಾವುದನ್ನು ಇಡಬೇಕು ಅನ್ನುವುದೇ ಜಗಳ.

"ಅಸಲಿ ಕಂಪನೀದು ಒಂದೇ ಜಾತಿ ಇಡೋಣ ಅಣ್ಣ. ಅದರ ಹುಳುಕೆಲ್ಲ ನಂಗೊತ್ತು."

"ಅದರ ತದ್ರೂಪು ಕೆಳಗೆ ಅರ್ಧ ರೇಟಿಗೆ ಬಿದ್ದಿದೆ ಕಣೇ. ನಿಂಗೆ ಬರೀ ಬ್ರಾಂಡ್ ಹುಚ್ಚು!"

ಅವಳು ಬೇಡವೆಂದಷ್ಟೂ ಅವನು ಕಂಡಕಂಡ ಕಂಪನಿಯ ತದ್ರೂಪುಗಳನ್ನು ತಂದು ಸುರಿಯುತ್ತಿದ್ದ.

ಅವತ್ತು ಅಕ್ವೇರಿಯಂ ಸಾಮಾನು ಮಾಡುವ ಓಯಾಂಗ್ ಸಾಹುಕಾರರು ಬಂದರು. ಮೀನಿಗೆ ತಾನೇ ಕಾಳು ಹಾಕುವ ಡಬ್ಬಿ ಬೇಕು, ಸಂಜೆ ಗಿರಾಕಿಗೆ ತೋರಿಸಬೇಕು. ಹಿಡಿಸಿದರೆ ಇಡೀ ವರ್ಷದ ಕೆಲಸ ಇವರಿಗೇ. ಆ ಕೆಲಸ ಸಿಗದಿದ್ದರೆ ವರ್ಕ್‌ಶಾಪಿಗೆ ಬೀಗವೇ ಗತಿ.

ಪೇಷಾನ್ ಡ್ರಾಯರ್ ಎಳೆದಳು. ಎಲ್ಲವೂ ಕರ್ರಗೆ, ಬೋಳುಬೋಳು. ಒಂದರ ಮೇಲೂ ಹೆಸರಿಲ್ಲ.

"ಅಣ್ಣಾ! ಏನಿದು?"

"ಉಜ್ಜಿಟ್ಟೆ," ಎಂದ ಜುನ್‌ಕಾಯ್ ಹೆಮ್ಮೆಯಿಂದ. "ಹೆಂಗಿದ್ರೂ ಮಾದರಿ ಕೊಡೋ ಮುಂಚೆ ಹೆಸರು ಅಳಿಸ್ತೀವಲ್ಲ, ಪಕ್ಕದವ್ನು ಕಾಪಿ ಹೊಡೀಬಾರ್ದು ಅಂತ. ಬಿಡುವಾಗಿದ್ದೆ, ಎಲ್ಲಾ ಒಟ್ಟಿಗೆ ಮುಗಿಸ್ಬಿಟ್ಟೆ."

"ಬೆಸುಗೆ ಹಾಕಿದ್ಮೇಲೆ ಅಳಿಸ್ತಾರೆ ಮಹರಾಯ! ಈಗ ಯಾವ್ದು ಯಾವ್ದು?"

"ಎಲ್ಲಾ ಒಂದೇ ತಗೋ."

ಒಂದೇ ಆಗಿರಲಿಲ್ಲ. ಪ್ರೋಗ್ರಾಂ ತುಂಬಿದರೆ ಎಲ್ಲವೂ ನುಂಗಿಕೊಂಡವು, ಕಂಪ್ಯೂಟರಿಗೆ ಹಾಕಿ ಗುರುತು ಕೇಳಿದರೆ ಎಲ್ಲವೂ ಅಸಲಿಯ ಹೆಸರನ್ನೇ ಹೇಳಿದವು. ಆದರೆ ಒಂದು ಚಿಪ್ ಮೋಟಾರು ತಿರುಗುತ್ತಲೇ ಸತ್ತಿತು, ಇನ್ನೊಂದು ಡಬ್ಬಿಯ ಕಾಳನ್ನೆಲ್ಲ ಒಂದೇ ಸಲ ಸುರಿಯಿತು. ಪ್ರತಿ ಸಲ ಕಿತ್ತು, ಬೆಸೆದು, ಬೆರಳು ಸುಟ್ಟುಕೊಂಡು ಪೇಷಾನ್‌ಗೆ ಊಟವೂ ಇಲ್ಲ. ಅಣ್ಣ ಮಾತ್ರ ಬಾತುಕೋಳಿ ಅನ್ನ ಬಾರಿಸುತ್ತ, "ತಾಳ್ಮೆ ಇರ್ಲಮ್ಮ" ಅನ್ನುತ್ತಿದ್ದ. ಕೊನೆಗೊಂದು ಚಿಪ್ ಎಣಿಸಿದ ಹಾಗೆ ಕಾಳು ಉದುರಿಸಿತು.

ಸಾಹುಕಾರರು ಡಬ್ಬಿ ಒಯ್ದವರು ಕತ್ತಲಾಗುವ ಮೊದಲೇ ಕುಣಿಯುತ್ತ ವಾಪಸ್ ಬಂದರು. "ಗಿರಾಕಿ ಒಪ್ಕೊಂಡ ಕಣಮ್ಮ! ಕಾಳು ಹಿಂಗೇ ಉದುರ್ಬೇಕಂತೆ, ಅದಕ್ಕೆ ಇದೇ ಚಿಪ್, ಬೇರೆ ಬೇಡ. ಸಾವಿರ ಡಬ್ಬಿ ಮಾಡ್ಕೊಡಿ."

ಪೇಷಾನ್ ಅಣ್ಣನನ್ನು ಮೂಲೆಗೆ ಎಳೆದಳು. "ಯಾವ ಅಂಗಡೀದು ಆ ಚಿಪ್?"

"ಯಾವ್ದೋ... ಆದ್ರೆ ನೋಡು, ಯಾರಿಂದ್ಲೂ ಕಾಪಿ ಮಾಡಕ್ಕಾಗಲ್ಲ!"

"ನಮ್ಮಿಂದ್ಲೂ ಆಗಲ್ವಲ್ಲೋ!"

ಸಾಹುಕಾರರು ಮುಂಗಡ ಹಿಡಿದು ನಗುತ್ತ ನಿಂತಿದ್ದಾರೆ. ನಿಜ ಹೇಳಿದರೆ ಕೆಲಸ ಕೈಬಿಟ್ಟು ಹೋಗುತ್ತದೆ. ತಲೆ ಆಡಿಸಿದರೆ ಆ ಚಿಪ್‌ಗಾಗಿ ಮಾರುಕಟ್ಟೆಯನ್ನೆಲ್ಲ ಜಾಲಾಡಬೇಕು, ಸಿಗುತ್ತದೆಂಬ ಖಾತ್ರಿ ಇಲ್ಲ. ಅವಳ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ, ಹೇಳಿ?